ಮಂತ್ರಿ ನೋಡ್ಕಳವ್ವ

“ಮಂತ್ರಿ ನೋಡ್ಕಳವ್ವ, ಓಯ್ತದೆ.”

ಪಾಂಡವಪುರದ ಮುಕ್ತ ಚೆಸ್ ಟೂರ್ನಿ. ನೂರಾರು ಜನ ಆಡುತ್ತಿದ್ದರೂ ಸದ್ದಿಲ್ಲದ ಸಭಾಂಗಣದಲ್ಲಿ ನನ್ನ ಎದುರಾಳಿ ಹೀಗೆಂದುಬಿಟ್ಟರು. ಗೋವಿಂದನಹಳ್ಳಿಯ ಮರಗೆಲಸದ ಹಿರಿಯರು, ಊರ ಜಗಲಿಯಲ್ಲಿ ಆಡಿ ಕಲಿತವರು. ಗಂಜಾಂನಲ್ಲಿ ಬಟ್ಟೆ ಹೊಲಿಯುವ ನನಗೂ ಅದು ಮೊದಲ ಟೂರ್ನಿ. ಗಾಬರಿಯಲ್ಲಿ ಮಂತ್ರಿಯನ್ನು ಸರಿಸಿಕೊಂಡೆ. ತೀರ್ಪುಗಾರರು ಬಂದು, ಇನ್ನೊಮ್ಮೆ ಬಾಯಿ ಬಿಟ್ಟರೆ ಸೋತಂತೆ ಎಂದು ಅವರನ್ನು ಗದರಿ, ಅಲ್ಲೇ ನಿಂತರು.

ಸ್ವಲ್ಪ ಹೊತ್ತಿಗೆ ನಾನು ಮತ್ತೆ ಎಡವಿದೆ. ಮಂತ್ರಿಯನ್ನು ಅವರ ಕುದುರೆಗೆ ಸಿಗುವ ಮನೆಯಲ್ಲೇ ಇಟ್ಟಿದ್ದೆ. ಅವರು ನನ್ನ ಮುಖ ನೋಡಿದರು, ತೀರ್ಪುಗಾರರ ಮುಖ ನೋಡಿದರು. ಗಡಿಯಾರ ಓಡುತ್ತಿತ್ತು. ಕೊನೆಗೆ ಮೂಲೆಯ ಕಾಲಾಳೊಂದನ್ನು ಮುಂದಕ್ಕೆ ತಳ್ಳಿದರು.

ನಾನು ಗೆದ್ದೆ. ಹೊರಗೆ ಸಿಕ್ಕಾಗ, ಮಂತ್ರಿಯನ್ನು ಯಾಕೆ ಹೊಡೆಯಲಿಲ್ಲ ಎಂದು ಕೇಳಿದೆ.

“ಏಳ್ದೆ ಮಂತ್ರಿ ಒಡುದ್ರೆ ಕದ್ದಂಗೆ ಕಣವ್ವ. ಏಳಾನ ಅಂದ್ರೆ ಆವಯ್ಯ ಪಕ್ಕದಲ್ಲೇ ನಿಂತಿದ್ನಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟರು.

ಈಗ ಮನೆಯಲ್ಲಿ ಮಗಳ ಮಂತ್ರಿ ನನ್ನ ಕುದುರೆಗೆ ಸಿಕ್ಕಿದಾಗಲೆಲ್ಲ ಕೈಗಿಂತ ಮೊದಲು ಬಾಯಿ ಹೇಳುತ್ತದೆ: “ನೋಡ್ಕಳವ್ವ.”