ಗಂಗುಬಾಯಿ ಕುದಿಸಿದ ಹಸಿರು ಚಹಾ

ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಯಲ್ಲಿ ಚಹಾ ಬೇಡ ಎನ್ನುವವನು ಕಾಯಿಲೆಯವನಿರಬೇಕು, ಇಲ್ಲವೇ ಸುಳ್ಳುಗಾರ. ಮಗ್ಗದ ಖಡಖಡ ಸದ್ದಿನ ನಡುವೆ ಹನ್ನೆರಡು ತಾಸು ನಿಲ್ಲುವವನಿಗೆ ಊಟ ತಡವಾದರೂ ನಡೆದೀತು, ಚಹಾ ತಡವಾಗಬಾರದು. ಗಂಗುಬಾಯಿಯ ಗಂಡ ಯಲಗೂರಪ್ಪ ಮೂವತ್ತೆರಡು ವರ್ಷ ಹಾಗೆ ನಿಂತವನು. ಬಾಗಲಕೋಟೆ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದ ಗಂಡ ಹೆಂಡತಿಯಲ್ಲಿ ಅವನು ಪಾವರ್‌ಲೂಮಿಗೆ ಸೇರಿದ, ಅವಳು ಕಾಂಡಿಗೆ ನೂಲು ಸುತ್ತುವ ಕೆಲಸಕ್ಕೆ ಹೋದಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಅವನು ಮನೆಗೆ ಬಂದರೆ ಅವಳು ಕೆಲಸಕ್ಕೆ ಹೊರಡುವ ಹೊತ್ತು. ನಡುವೆ ಸಿಗುತ್ತಿದ್ದದ್ದು ಒಂದು ಚಹಾ ಕುಡಿಯುವಷ್ಟು ಸಮಯ. ಸಂಸಾರ ಅಂತ ಅವರು ಮಾಡಿದ್ದೆಲ್ಲ ಆ ಕಾಲು ತಾಸಿನಲ್ಲೇ.

ಬಂದ ಹೊಸದರಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವನು ಒಮ್ಮೆ ಅಂದಿದ್ದ. ಅವಳು ತವರು ನೆನೆದು ಎರಡು ದಿನ ಅತ್ತಿದ್ದಳು. ಆಮೇಲೆ ಅವಳು ಕೊಟ್ಟಿದ್ದಕ್ಕೆ ಅವನು ಯಾವತ್ತೂ ಕೊಂಕು ತೆಗೆದವನಲ್ಲ. ಒಳ್ಳೆಯ ಗುಣವೇ, ಯಾರು ಬೇಡವೆಂದರು?

ಐವತ್ತೈದು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಬಲಗಾಲಿನ ಹೆಬ್ಬೆರಳಿನ ಹುಣ್ಣು ಮಾಯಲಿಲ್ಲ. "ಸಕ್ರಿ ಚಹಾ ಬಂದ್ ಮಾಡು. ಇಲ್ಲಂದ್ರ ಮೊದಲ ಕಾಲು ಹೋಗ್ತೈತಿ, ಆಮ್ಯಾಲ ನೀನೂ ಹೋಗ್ತಿ" ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು.

ಆ ದೀಪಾವಳಿಗೆ ಗಡಹಿಂಗ್ಲಜದಿಂದ ಬಂದ ಸೊಸೆ ವೃಷಾಲಿ, ತಿರುಗಿ ಬಸ್ಸಿಗೆ ಹೊರಟಾಗ ಒಂದು ಡಬ್ಬಿ ಕೊಟ್ಟಳು. "ಅತ್ತಿ, ಇದು ಗ್ರೀನ್ ಟೀ. ಹಾಲು ಬ್ಯಾಡ, ಸಕ್ರಿ ಬ್ಯಾಡ. ಮಾವಾರಿಗೆ ಇದನ್ನ ಕೊಡ್ರಿ."

ಗಂಗುಬಾಯಿ ಮೂಸಿ ನೋಡಿದಳು. ಒಣಹುಲ್ಲಿನ ವಾಸನೆ. ಹಸಿರು ಅಂದ ಮೇಲೆ ಗವತಿ ಚಹಾದ ತಂಗಿಯೇ ಇರಬೇಕು ಎಂದುಕೊಂಡಳು. ಆ ಕಡೆ ಹಿತ್ತಿಲಲ್ಲಿ ಗವತಿ ಚಹಾದ ನಿಂಬೆಹುಲ್ಲು ಬೆಳೆಸದ ಮನೆ ಕಡಿಮೆ, ಅದನ್ನು ಕುದಿಸಿದಷ್ಟೂ ಘಮ. ಹಾಗೆಯೇ ಇದನ್ನೂ ಎರಡು ಲೋಟ ನೀರು ಒಂದಾಗುವವರೆಗೆ ಕುದಿಸಿದಳು. ತಾನು ಒಂದು ಗುಟುಕೂ ರುಚಿ ನೋಡಲಿಲ್ಲ. ಅದು ಗಂಡನ ಔಷಧ, ಔಷಧವನ್ನು ಯಾರು ರುಚಿ ನೋಡುತ್ತಾರೆ? ಅವನೆದುರು ಸಿಹಿ ಚಹಾ ಹೇಗೆ ಕುಡಿಯಲಿ ಎಂದು ತಾನೂ ಚಹಾ ಬಿಟ್ಟುಬಿಟ್ಟಳು.

"ಹೆಂಗೈತ್ರಿ?"

"ಭಾಳ ಛಲೋ ಐತಿ. ನೀ ಮಾಡಿದ್ದು ಯಾವಾಗ ಕೆಟ್ಟಿತ್ತು?"

ಹೀಗೆ ಹನ್ನೊಂದು ತಿಂಗಳು ನಡೆಯಿತು. ಡಬ್ಬಿ ಮುಗಿದಂತೆ ಅವಳು ಮೆಡಿಕಲ್ ಅಂಗಡಿಯಿಂದ ಇನ್ನೊಂದು ತಂದಳು. ಆದರೆ ರಕ್ತದ ಸಕ್ಕರೆ ಮಾತ್ರ ಇಳಿಯಲಿಲ್ಲ. ಅವಳು ಬೆಲ್ಲ ಬಚ್ಚಿಟ್ಟಳು, ಅನ್ನ ಕಡಿಮೆ ಮಾಡಿದಳು, ಜಗಳವಾಡಿದಳು. ಕೊನೆಗೆ ಬೆರಳು ಕತ್ತರಿಸಿದರು. ನಂಜು ಮೇಲೇರಿತ್ತು. ತಿಂಗಳೊಳಗೆ ಯಲಗೂರಪ್ಪ ಹೋದ.

ಹದಿಮೂರನೆಯ ದಿನದ ಊಟಕ್ಕೆ ಓಣಿಯ ತುದಿಯ ಚಹಾ ಗಾಡಿಯ ಧೋಂಡಿಬಾ ಬಂದಿದ್ದ. ಊಟ ಅರ್ಧಕ್ಕೇ ಬಿಟ್ಟು ಎದ್ದು ಗಂಗುಬಾಯಿಯ ಮುಂದೆ ಕೈ ಮುಗಿದ.

"ವಹಿನೀ, ಮಾಫ ಕರಾ, ತಪ್ಪಾತು. ನೀವು ಕೆಲಸಕ್ಕ ಹೋದ ಮ್ಯಾಲ ಯಲಗೂರಪ್ಪ ದಿನಾ ನನ್ನ ಗಾಡಿಗೆ ಬರ್ತಿದ್ದ. 'ಬಾಯಿ ಕಹಿ ಆಗೇತಿ ಧೋಂಡಿಬಾ, ಸಕ್ರಿ ಜಾಸ್ತಿ ಹಾಕು' ಅಂತಿದ್ದ. ಎರಡೆರಡು ಕಪ್ ಕುಡೀತಿದ್ದ. ಅವನ ಬ್ಯಾನಿ ನನಗ ಗೊತ್ತಿರಲಿಲ್ರಿ."

ಗಂಗುಬಾಯಿಗೆ ಸತ್ತ ಗಂಡನ ಮೇಲೆ ಉರಿದು ಬಂತು. ತಾನು ಚಹಾ ಬಿಟ್ಟು ವ್ರತ ಹಿಡಿದಂತೆ ಕೂತರೆ, ಈ ಮನುಷ್ಯ ಬೆನ್ನ ಹಿಂದೆ ಕದ್ದು ಕುಡಿದನೇ! ಆ ಸಿಟ್ಟಿನಲ್ಲಿ ಅವಳಿಗೆ ಅಳುವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ತಲೆನೋವೆಂದು ವೃಷಾಲಿ ಉಳಿದಿದ್ದ ಗ್ರೀನ್ ಟೀ ಡಬ್ಬಿ ತೆಗೆದಳು. ನೀರು ಕುದಿಯಿತು. ಪಾತ್ರೆ ಇಳಿಸಿ ಸುಮ್ಮನೆ ನಿಂತಳು.

"ಎಲಿ ಹಾಕೂದು ಮರ್ತಿ ಏನ? ನೀರು ಆರಾಕತ್ತಾವು" ಎಂದಳು ಗಂಗುಬಾಯಿ.

"ಆರಬೇಕ್ರಿ ಅತ್ತಿ. ಗುಳ್ಳಿ ಅಡಗಿದ ಮ್ಯಾಲ ಒಂದು ಚಮಚಾ ಎಲಿ, ಮುಚ್ಚಿ ಎರಡು ನಿಮಿಷ, ಅಷ್ಟ. ಸೋಸಿ ಮೊದಲ ವಾಸನಿ ನೋಡಬೇಕು, ಆಮ್ಯಾಲ ಸಾವಕಾಶ ಕುಡೀಬೇಕು. ಅದ ಎಲಿಗೆ ಇನ್ನೊಮ್ಮೆ ಬಿಸಿನೀರು ಹಾಕಿದ್ರೂ ನಡೀತೈತಿ."

ಲೋಟದಲ್ಲಿ ತಿಳಿ ಹಳದಿ ನೀರು. ಗಂಗುಬಾಯಿ ಕುಡಿದಳು. ಹಸಿ ಶೇಂಗಾ ಸುಲಿದಾಗ ಬರುವಂಥ ನವಿರು ವಾಸನೆ, ಒಗರು ಇದ್ದೂ ಇಲ್ಲದಂತೆ, ಗಂಟಲು ಇಳಿದ ಮೇಲೆ ಒಂದಿಷ್ಟು ಸಿಹಿ. ಅವಳು ಲೋಟ ಕೆಳಗಿಟ್ಟಳು.

"ಕುದಿಸಿದ್ರ ಏನಾಗ್ತೈತಿ?"

"ಹಾಗಲಕಾಯಿನೂ ಬೇಕು, ಅದು ಬ್ಯಾಡ. ಒಂದು ಗುಟುಕು ಇಳಿಯಂಗಿಲ್ಲ."

"ಮತ್ತ ನನಗ್ಯಾಕ ಹೇಳಲಿಲ್ಲ ನೀ?"

"ಫೋನ್‌ನ್ಯಾಗ ಕೇಳಿದ್ನೆಲ್ರಿ, ಟೀ ಹೆಂಗೈತಿ ಅಂತ. 'ನಿಮ್ಮತ್ತಿ ನಿನಗಿಂತ ಛಲೋ ಕಲ್ತಾಳ' ಅಂತ ಮಾವಾರು ನಕ್ರು."

ಗಂಗುಬಾಯಿಯ ಸಿಟ್ಟು ಅಲ್ಲೇ ಮುರಿದುಬಿತ್ತು. ದಿನಕ್ಕೊಂದು ಲೋಟದಂತೆ ಹನ್ನೊಂದು ತಿಂಗಳು ಆ ಕಷಾಯವನ್ನು ಅವಳೆದುರೇ ತಳ ಕಾಣುವವರೆಗೆ ಕುಡಿದು, ಛಲೋ ಐತಿ ಅಂದಿದ್ದ. ಒಲೆಯ ಮುಂದೆಯೇ ಕುಸಿದು ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ವೃಷಾಲಿ ಏನೂ ತಿಳಿಯದೆ ಬೆನ್ನು ಸವರುತ್ತ ಪಕ್ಕದಲ್ಲಿ ಕೂತಳು.

"ಕಹಿ ಐತಿ ಅಂತ ಒಂದ ಸಲ ಅಂದಿದ್ರ ಸಾಕಿತ್ತಲ್ಲವ್ವ," ಎಂದಳು ಗಂಗುಬಾಯಿ, "ಹೆಂಗ ಮಾಡೂದು ಅಂತ ನಾ ಯಾರನ್ನರ ಕೇಳ್ತಿದ್ನಿ."