ತುದಿಯವರೆಗೆ ಹೋಗಿ ನೋಡಿದವರು

ಕೊಯ್ಲು ಮುಗಿದು ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿರುವ, ಬೆಳಗಿನ ಚಳಿ ಇನ್ನೂ ಪೂರ್ತಿ ಬಿಡದ, ಮಧ್ಯಾಹ್ನದ ಬಿಸಿಲು ಆಗಲೇ ಚುರುಕಾಗಿರುವ ದಿನಗಳಿವು. ನಮ್ಮ ಕಚೇರಿಯ ಮೂರನೆಯ ಮಹಡಿಯಲ್ಲಿ ಕಿಟಕಿಗಳೆಲ್ಲ ತೆರೆದಿವೆ. ಉದ್ದನೆಯ ಮೇಜಿನ ಮೇಲೆ ನಲವತ್ತೆರಡು ಇಲಾಖೆಗಳ ದೂರವಾಣಿ ಪಟ್ಟಿಗಳು ಹರಡಿಕೊಂಡಿವೆ. ಗಾಳಿಗೆ ಹಾರದಂತೆ ಅವುಗಳ ಮೇಲೆ ಕೆಟ್ಟುಹೋದ ಹಳೆಯ ರಿಸೀವರುಗಳನ್ನು ಹೇರಿಟ್ಟಿದ್ದಾರೆ. ಈಗಿನ ದೂರಸಂಪರ್ಕ ಸೇವೆಯ ಗುತ್ತಿಗೆ ಮುಗಿಯಲು ಇನ್ನು ಹದಿನೆಂಟು ತಿಂಗಳು. ಹೊಸ ಗುತ್ತಿಗೆಗೆ ದಾಟುವ ಸಿದ್ಧತೆ ಶುರುವಾಗಿದೆ. ಈ ಕೆಲಸವನ್ನು ನಮಗೆಲ್ಲ ಕಲಿಸಿದ ಹಿರಿಯ ಯೋಜನಾಧಿಕಾರಿ ಮೇಡಂ ಮಾತ್ರ ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಸರ್ಕಾರದ ದೂರಸಂಪರ್ಕವೆಂದರೆ ಜನರ ಕಣ್ಣಿಗೆ ಬೀಳುವುದು ಗೋಪುರ, ತಂತಿ, ಉದ್ಘಾಟನೆಯ ಕಲ್ಲು. ಒಂದು ಕಂಪನಿಯ ಗುತ್ತಿಗೆ ಮುಗಿದು ಇನ್ನೊಂದರದು ತೊಡಗುವ ಸಂಧಿಯಲ್ಲಿ, ದೊಡ್ಡಾಸ್ಪತ್ರೆಯಿಂದ ಹಿಡಿದು ಎರಡೇ ಫೋನುಗಳ ಪಶುಚಿಕಿತ್ಸಾಲಯದವರೆಗೆ ಯಾವುದೂ ಒಂದು ಗಳಿಗೆ ಮೂಕವಾಗದಂತೆ ನೋಡಿಕೊಳ್ಳುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಚೆನ್ನಾಗಿ ನಡೆದರೆ ಈ ಕೆಲಸ ನಡೆದದ್ದೇ ತಿಳಿಯದು. ಕೆಟ್ಟರೆ ಊರಿಗೆಲ್ಲ ತಿಳಿಯುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಇಂಥ ಮೂರು ದಾಟುವಿಕೆಗಳನ್ನು ಹೆಗಲ ಮೇಲೆ ಹೊತ್ತವರು ನಾನು ಬಲ್ಲಂತೆ ಇವರೊಬ್ಬರೇ.

ಅವರು ತರಕಾರಿ ಬೆಳೆಯುವವರ ಮಗಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿ ಸೇವೆಗೆ ಸೇರಿದರು. ಬಲ್ಬು ಹತ್ತಿದ ಕಡೆಗೆ ಪ್ಲಗ್ಗು ಚುಚ್ಚುವ ಕೆಲಸ. ಬಿಡುವಿನ ವೇಳೆಯಲ್ಲಿ ವಾರ್ಡುಗಳಿಗೆಲ್ಲ ತಾವೇ ನಡೆದು ಹೋಗಿ, ಯಾವ ಫೋನು ಯಾವ ಮೂಲೆಯಲ್ಲಿದೆ, ಅದನ್ನು ಎತ್ತಲು ದಾದಿ ಎಷ್ಟು ಹೆಜ್ಜೆ ನಡೆಯಬೇಕು ಎಂದು ನೋಡಿ ಬರುತ್ತಿದ್ದರಂತೆ. "ನಾನು ಪ್ಲಗ್ಗು ಚುಚ್ಚಿದ್ರೆ ಮುಗೀತಾ? ಆ ಕಡೆ ಎದ್ದು ಬಂದು ಎತ್ತೋರು ಬೇಡ್ವಾ?" ಎಂದು ಈಗಲೂ ಕೇಳುತ್ತಾರೆ.

ಹನ್ನೊಂದು ವರ್ಷಗಳ ತರುವಾಯ ಇಲಾಖಾ ಪರೀಕ್ಷೆ ಬರೆದು ಯೋಜನಾ ವಿಭಾಗಕ್ಕೆ ಬಂದ ಅವರಿಗೆ ಮೊದಲ ದಾಟುವಿಕೆಯ ಹೊಣೆ ಬಿತ್ತು. ದೊಡ್ಡ ಇಲಾಖೆಗಳನ್ನು ಮೊದಲು ಮುಗಿಸಿ ಹೆಸರು ತೆಗೆದುಕೊಳ್ಳುವುದು ಅಲ್ಲಿಯವರೆಗಿನ ವಾಡಿಕೆ. ಮೇಡಂ ಅದನ್ನು ತಿರುವಿಹಾಕಿ, ತೀರ ಸಣ್ಣ ಕಚೇರಿಗಳಿಂದ ಆರಂಭಿಸಿದರು. ತಪ್ಪಾದರೆ ಅಲ್ಲೇ ಆಗಲಿ, ಕಲಿತದ್ದು ದೊಡ್ಡವರ ಪಾಲಿಗೆ ಬರಲಿ ಎಂದು. ಹೊಸ ಲೈನು ಬಂದ ಮೇಲೂ ಹಳೆಯದು ಮೂವತ್ತು ದಿನ ಜೊತೆಯಲ್ಲೇ ಇರಬೇಕೆಂದು ಪಟ್ಟು ಹಿಡಿದರು. ಅವಸರ ಮಾಡಿದ ಕಾರ್ಯದರ್ಶಿಯೊಬ್ಬರಿಗೆ ಸಭೆಯಲ್ಲೇ, "ಸಸಿ ಕಿತ್ತ ಮೇಲೆ ಗದ್ದೆ ಹುಡುಕೋಕೆ ಹೋಗ್ತಾರೇನ್ರಿ?" ಎಂದು ಕೇಳಿದ್ದು ನಮ್ಮಲ್ಲಿ ಗಾದೆಯಾಗಿ ಉಳಿದಿದೆ.

ಅವರ ಪಟ್ಟಿಯಲ್ಲಿ ಪ್ರತಿ ಲೈನಿನ ಎದುರಿಗೂ ಒಂದು ಅಂಕಣ: 'ತುದಿ ನೋಡಿದೆ'. ಕಾಗದದಲ್ಲಿ ಬಿಲ್ಲು ಏನೇ ಹೇಳಲಿ, ಕರೆಗಳ ಸಂಖ್ಯೆ ಸೊನ್ನೆಯೇ ಇರಲಿ, ನಮ್ಮಲ್ಲೊಬ್ಬರು ಆ ತಂತಿ ಮುಗಿಯುವ ಜಾಗಕ್ಕೆ ಹೋಗಿ, ಕಣ್ಣಾರೆ ಕಂಡು, ಅಲ್ಲಿದ್ದವರನ್ನು ವಿಚಾರಿಸಿಯೇ ಅದನ್ನು ತುಂಬಬೇಕು. ಇದರಿಂದಾಗಿ ಅವರಿಗೆ 'ತುದಿಯಮ್ಮ' ಎಂದು ಅಡ್ಡಹೆಸರು ಬಿತ್ತು. ಅದು ಕಿವಿಗೆ ಬಿದ್ದಾಗ ಅವರು ನಕ್ಕು, "ಬುಡದಮ್ಮ ಅನ್ನಲಿಲ್ವಲ್ಲ, ಸದ್ಯ," ಎಂದರು.

ನಾನು ಸೇರಿದ್ದು ಎರಡನೆಯ ದಾಟುವಿಕೆಯ ಹೊತ್ತಿಗೆ. ಬೇಸಾಯದ ಮನೆಯಿಂದ ಬಂದವನು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ನಿರ್ದೇಶಕರ ದನಿ ಫೋನಿನಲ್ಲಿ ಕೇಳಿದರೆ ಸಾಕು, ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಜೊತೆಯವರು ಕಿಸಕ್ಕೆಂದರೆ ಮೇಡಂ, "ನಗಬೇಡ್ರಪ್ಪ. ಕೂತ್ಕೊಂಡು ಸುಳ್ಳು ಹೇಳೋದಕ್ಕಿಂತ ನಿಂತ್ಕೊಂಡು ನಿಜ ಹೇಳೋದು ವಾಸಿ," ಎಂದಿದ್ದರು. ಆ ವರ್ಷ ನನ್ನ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ, ನನ್ನ ಪಾಲಿನ ಇನ್ನೂರು ಲೈನುಗಳ ತಪಾಸಣೆಯನ್ನು ಯಾರಿಗೂ ಹೇಳದೆ ತಾವೇ ಮುಗಿಸಿಟ್ಟಿದ್ದರು. ನಾನು ಮರಳಿದ ದಿನ ಪಟ್ಟಿ ನನ್ನ ಮೇಜಿನ ಮೇಲಿತ್ತು. ಅಮ್ಮನಿಗೆ ಅಕ್ಷರ ಕಾಣುತ್ತದೆಯೇ ಎಂದಷ್ಟೇ ಕೇಳಿದರು.

ಇಂಥವರಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕಾಗಿದೆ. ಮುಚ್ಚಿಟ್ಟರೆ ಈ ಅಭಿನಂದನೆ ಬಾಯುಪಚಾರವಾದೀತು.

ಅದೇ ಎರಡನೆಯ ದಾಟುವಿಕೆಯಲ್ಲಿ ನೀರಾವರಿ ಇಲಾಖೆಯ ಸಾವಿರದ ನೂರ ಅರವತ್ತು ಲೈನುಗಳು ನನ್ನ ಪಾಲಿಗೆ ಬಂದಿದ್ದವು. ಕಾಲುವೆಯುದ್ದಕ್ಕೂ ಚದುರಿದ ಕೊಠಡಿಗಳು, ಬಸ್ಸಿಳಿದು ಮೈಲಿಗಟ್ಟಲೆ ನಡಿಗೆ. ಗಡುವು ಹತ್ತಿರ ಬಂದಾಗ, ಮೂರು ವರ್ಷಗಳಿಂದ ಒಂದೂ ಕರೆಯಿಲ್ಲದ ಅರವತ್ತೊಂದು ಲೈನುಗಳು ಉಳಿದಿದ್ದವು. ಸತ್ತ ಲೈನುಗಳೇ ಇರಬೇಕೆಂದು ನಿಶ್ಚಯಿಸಿ, ಕೂತ ಕಡೆಯಲ್ಲೇ ಅರವತ್ತೊಂದರ ಎದುರಿಗೂ 'ತುದಿ ನೋಡಿದೆ, ಉಪಯೋಗವಿಲ್ಲ' ಎಂದು ಬರೆದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನಾದರೂ ಯಾರೋ ಹೇಳಿದ್ದನ್ನು ನಂಬಿದವನು. ನನಗೆ ಅಷ್ಟೂ ಆಧಾರವಿರಲಿಲ್ಲ. ಮೇಡಂ ನನ್ನನ್ನು ನಂಬಿ ಕೆಳಗೆ ಸಹಿ ಮಾಡಿದರು. ಅರವತ್ತೊಂದು ಲೈನುಗಳೂ ಹಳೆಯ ಗುತ್ತಿಗೆಯಿಂದ ಕಡಿದುಹೋದವು. ಹೊಸ ಗುತ್ತಿಗೆಯ ಪಟ್ಟಿಗೆ ಸೇರಲಿಲ್ಲ.

ಮೂರು ವಾರ ಕಳೆದು, ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಪ್ಯಾಂಟು ಮೊಣಕಾಲಿನವರೆಗೆ ಕೆಸರಾದ ಹಿರಿಯರೊಬ್ಬರು ನಮ್ಮ ಕೊಠಡಿಗೆ ಬಂದರು. ಮೇಲಿನ ಅಣೆಕಟ್ಟೆಯ ತೂಬು ಕಾಯುವವರು. ಬಟ್ಟೆಯ ಚೀಲದಿಂದ ಫೋನನ್ನು ವೈರಿನ ಸಮೇತ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದರ ಉಸಿರು ನಿಂತೋಗಿದೆ. ಯಾರ ಕೆಲಸ ಇದು?"

"ಮೂರು ವರ್ಷದಿಂದ ಇದರಲ್ಲಿ ಒಂದು ಕರೆನೂ ಇಲ್ಲವಲ್ಲ, ಯಜಮಾನ್ರೆ," ಎಂದೆ.

"ಇಲ್ಲ. ಇರಬಾರ್ದು. ನಾನು ಕರೆ ಮಾಡಿದೆ ಅಂದ್ರೆ ನೀರು ಬಿಟ್ಟೆ ಅಂತ ಅರ್ಥ. ಕೆಳಗೆ ಹದಿನಾಲ್ಕು ಹಳ್ಳಿಯೋರು ದನಕರು ಬಿಚ್ಕೊಂಡು ದಿಬ್ಬ ಹತ್ತಬೇಕು. ದಿನಾ ಬೆಳಗ್ಗೆ ಎತ್ತಿ, ಗುಂಯ್ ಅನ್ನೋದು ಕೇಳಿ ಇಡ್ತಿದ್ದೆ. ಅದು ನಿಮ್ಮ ಬಿಲ್ಲಲ್ಲಿ ಬರುತ್ತಾ?"

ಆಚೆ ಮೇಜಿನಿಂದ ಎದ್ದು ಬಂದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಲ್ಲಿಗೆ ಬಂದಿದೆ?"

"ಗುರುತಿಗೆ ಒಂದು ಮೊಳ ಕಡಿಮೆ, ತಾಯಿ. ಹಿಂಗೇ ಹೊಡೆದ್ರೆ ನಾಲ್ಕು ದಿನ."

ಆ ಕಣಿವೆಯಲ್ಲಿ ಆಗ ಮೊಬೈಲ್ ಸಿಗುತ್ತಿರಲಿಲ್ಲ. ಹಳೆಯ ಕಂಪನಿ, ನಮ್ಮ ಗುತ್ತಿಗೆ ಮುಗಿಯಿತೆಂದು ಕೈ ತೊಳೆದುಕೊಂಡಿತು. ಹೊಸ ಕಂಪನಿ, ಪಟ್ಟಿಯಲ್ಲಿಲ್ಲದ ಲೈನಿಗೆ ಹೊಸ ಆದೇಶ ಬೇಕು, ಆರು ವಾರ ಹಿಡಿಯುತ್ತದೆ ಎಂದಿತು. ಮೇಡಂ ಗುತ್ತಿಗೆಯ ಪುಟಗಳನ್ನು ತಿರುವಿಹಾಕುತ್ತ ಅರ್ಧ ಗಂಟೆ ಕೂತರು. ಪಟ್ಟಿಯಲ್ಲಿರುವ ಲೈನನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರಿಸಲು ಎರಡೇ ದಿನ ಸಾಕೆಂಬ ಷರತ್ತು ಸಿಕ್ಕಿತು. ಕೂಡಲೇ ತಮ್ಮ ಸ್ವಂತ ಮೇಜಿನ ಲೈನಿನ ಸಂಖ್ಯೆ ಬರೆದು, 'ಹೊಸ ಜಾಗ: ಮೇಲಣ ತೂಬಿನ ಕೊಠಡಿ' ಎಂದು ಸಹಿ ಹಾಕಿದರು.

"ಮೇಡಂ, ನಿಮಗೆ ಫೋನು?" ಎಂದು ಯಾರೋ ಕೇಳಿದರು.

"ನನಗೇನ್ರಿ, ಕಾಲಿದೆ. ಬೇಕಾದೋರು ಬರ್ತಾರೆ, ಇಲ್ಲಾಂದ್ರೆ ನಾನೇ ಹೋಗ್ತೀನಿ."

ಎರಡನೆಯ ದಿನ ಲೈನ್‌ಮನ್ ಜೊತೆ ನಾವಿಬ್ಬರೂ ಹೋದೆವು. ತೂಬಿನವರು ರಿಸೀವರನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಗುಂಯ್ ಎನ್ನುವುದನ್ನು ಕೇಳಿದರು. ನನ್ನ ಕಡೆಗೆ ಚಾಚಿ, "ತಗೋ, ನೀನೂ ಕೇಳು," ಎಂದರು. ನಾಲ್ಕನೆಯ ದಿನ ಮಧ್ಯಾಹ್ನ ಅವರು ನೀರು ಬಿಟ್ಟರು. ಬಿಡುವ ಮೊದಲು ಕರೆ ಮಾಡಿದರು. ತಗ್ಗಿನ ಗದ್ದೆಗಳು ಮುಳುಗಿದವು. ದಿಬ್ಬದ ಮೇಲೆ ಜನರೂ ದನಕರುಗಳೂ ಒಂದು ಜೀವವೂ ತಪ್ಪದೆ ಉಳಿದುಕೊಂಡರು.

ವಿಚಾರಣೆ ನಡೆಯದೆ ಇರಲಿಲ್ಲ. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ತುದಿ ನೋಡದೆ ನೋಡಿದೆನೆಂದು ಬರೆದವರು ಯಾರೆಂದು ನಿರ್ದೇಶಕರು ಕೇಳಿದರು. "ಸಹಿ ನನ್ನದು," ಎಂದರು ಮೇಡಂ. ಮುಂದಿನ ತಿಂಗಳು ಅವರಿಗೆ ಸಿಗಬೇಕಿದ್ದ ಜಂಟಿ ನಿರ್ದೇಶಕರ ಹುದ್ದೆ ಬೇರೆಯವರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ನಾನು ಕಾಯಂ ಆದೆ. ಒಪ್ಪಿಕೊಳ್ಳುತ್ತೇನೆಂದು ಪತ್ರ ಹಿಡಿದು ಹೋದಾಗ ಅವರು ಅದನ್ನು ಓದಲಿಲ್ಲ.

"ಪತ್ರ ಆಮೇಲೆ. ಇನ್ನೂ ಅರವತ್ತು ಇದೆಯಲ್ಲ, ಮೊದಲು ಅವನ್ನ ನೋಡ್ಕೊಂಡ್ ಬನ್ನಿ."

ಅರವತ್ತನ್ನೂ ನಡೆದು ನೋಡಿದೆ. ಐವತ್ತೇಳು ನಿಜಕ್ಕೂ ಸತ್ತಿದ್ದವು. ಒಂದೆಡೆ ಫೋನಿನ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಮೂರು ಬದುಕಿರಬೇಕಾದವು. ಅವನ್ನೂ ಪಟ್ಟಿಗೆ ಸೇರಿಸಿದರು. ಹಿಂತಿರುಗುವ ಹೊತ್ತಿಗೆ ನನ್ನಲ್ಲಿದ್ದ ಧೈರ್ಯ ಕರಗಿತ್ತು. ಪತ್ರ ಕೊಡಲಿಲ್ಲ. ಅವರೂ ಕೇಳಲಿಲ್ಲ. ಅವರ ಮೇಜು ಏಳು ತಿಂಗಳು ಫೋನಿಲ್ಲದೆ ಇತ್ತು. ನಡುವಿನ ಹಜಾರದ ಫೋನು ರಿಂಗಾದಾಗಲೆಲ್ಲ ಅವರು ಎದ್ದು ಹೋಗುವುದನ್ನು ನನ್ನ ಕುರ್ಚಿಯಿಂದ ನೋಡುತ್ತಿದ್ದೆ. ಮುಂದೆ ಮೂರನೆಯ ದಾಟುವಿಕೆಯಲ್ಲಿ ಅದೇ ಇಲಾಖೆಯನ್ನು ನನಗೇ ಒಪ್ಪಿಸಿದರು. ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬರು ಇಡಬಹುದಾದ ಇದಕ್ಕಿಂತ ದೊಡ್ಡ ನಂಬಿಕೆ ನನಗೆ ಗೊತ್ತಿಲ್ಲ.

ಹಾಗಾಗಿ ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟದಲ್ಲಿ, ಹದಿನಾರು ವರ್ಷ ತಡವಾಗಿ, ದಾಖಲಿಸುತ್ತಿದ್ದೇನೆ: ಆ ಅರವತ್ತೊಂದು ಸಾಲುಗಳನ್ನು ಬರೆದವನು ನಾನು. ಇದೇ ಹೇಳಿಕೆಯನ್ನು ಅವರ ಸೇವಾ ಪುಸ್ತಕಕ್ಕೆ ಲಗತ್ತಿಸುವಂತೆ ಇಲಾಖೆಗೂ ಸಲ್ಲಿಸಿದ್ದೇನೆ. ಹೋದ ವಾರ ಮೇಡಂ ಅವರಿಗೆ ತಿಳಿಸಿದಾಗ, ಕನ್ನಡಕ ಒರೆಸುತ್ತ, "ಬರೀರಿ. ಆದ್ರೆ ತೂಬಿನ ಯಜಮಾನ್ರು ಮಳೇಲಿ ಎರಡು ಬಸ್ ಬದಲಾಯಿಸಿ ಬಂದ್ರು ನೋಡಿ, ಅದನ್ನ ಬಿಡಬೇಡಿ," ಎಂದರು. ಬಿಟ್ಟಿಲ್ಲ.

ನಿವೃತ್ತಿಯ ನಂತರ ಸಣ್ಣ ಊರುಗಳ ಪುರಸಭೆಗಳಿಗೆ ಹೋಗಿ ಈ ವಿದ್ಯೆಯನ್ನು ಕಲಿಸಲು ಅವರು ಒಪ್ಪಿದ್ದಾರೆ. ಅವರ ಮೊಣಕಾಲು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ನೂರು ಕಾಲ ಬಾಳಿ ಇನ್ನೂ ನೂರು ಜನರನ್ನು ಗದರಿಸಿ ತಿದ್ದಲಿ. ನನ್ನ ಹೇಳಿಕೆಗೆ ಸ್ವೀಕೃತಿ ಪತ್ರ ಬಂದಿದೆ. ಅವರ ಕೊಠಡಿಯ ಬಾಗಿಲಿಗೆ ಬರಬೇಕಿದ್ದ 'ಜಂಟಿ ನಿರ್ದೇಶಕರು' ಎಂಬ ಫಲಕ ಮಾತ್ರ ಇನ್ನು ಬರುವುದಿಲ್ಲ. ಅದನ್ನು ಅವರಿಗೆ ಮರಳಿಸುವ ದಾರಿ ನನಗೆ ತಿಳಿದಿಲ್ಲ.