ಗೋಡೆಯಾಚೆಯ ಸಭೆ

ಹೋದ ವಾರ ಸಿಂಧನೂರಿಗೆ ಹೋಗಿದ್ದೆ. ಕಣ್ಣಿನ ಡಾಕ್ಟರು ಎರಡು ಹನಿ ಔಷಧ ಹಾಕಿ, 'ಎಲ್ಲಾ ಚಲೋ ಅದ, ಹೋಗ್ರಿ' ಎಂದು ಬೇಗನೆ ಕಳಿಸಿಬಿಟ್ಟರು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತ ಬರುವಾಗ ಒಂದು ಅರಿವೆ ಅಂಗಡಿಯ ಮುಂದೆ ಹೊಸ ಜಮಖಾನೆಗಳನ್ನು ಬಿಚ್ಚಿ ಹರಡಿದ್ದರು. ಹೊಸ ಜಮಖಾನೆಗೊಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಹತ್ತಿಯದು, ಬಣ್ಣದ್ದು, ಜೊತೆಗೆ ಮಡಿಚಿಟ್ಟ ಗಂಜಿ ಬಟ್ಟೆಯದು, ಎಲ್ಲ ಕೂಡಿದ ವಾಸನೆ. ಔಷಧ ಬಿದ್ದ ಕಣ್ಣಿಗೆ ಏನೂ ನೆಟ್ಟಗೆ ಕಾಣುತ್ತಿರಲಿಲ್ಲ. ಆದರೆ ಮೂಗು ನೆಟ್ಟಗಿತ್ತು. ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು, 'ಬರ್ರಿ ಯಜಮಾನ್ರ, ಕುಂತು ನೋಡ್ರಿ' ಎಂದ. ನಾನು ನೋಡುತ್ತಿದ್ದದ್ದು ಅವನ ಜಮಖಾನೆಯನ್ನಲ್ಲ. ಬಹಳ ವರ್ಷಗಳ ಹಿಂದೆ ಮಸ್ಕಿಯ ನಮ್ಮ ಮನೆಯ ಮುಂದೆ ಮೋಟಾರ್ ಸೈಕಲ್ಲಿನ ಹಿಂದೆ ಇಂಥದೇ ಜಮಖಾನೆ ಕಟ್ಟಿಕೊಂಡು ಬಂದು ಇಳಿದವನನ್ನು.

ಅವನ ಹೆಸರು ಶಾಂತರಾಜ, ಕ್ರೈಸ್ತ ಪಾಸ್ಟರು. ಜವಳಗೇರಾದವನು, ಸಿಂಧನೂರಿನಲ್ಲಿ ಹೆಂಡತಿಯ ಜೊತೆ ಸಂಸಾರ. ಮಸ್ಕಿಯಲ್ಲಿ ಹೊಸದಾಗಿ ಕ್ರೈಸ್ತರ ಸಭೆಯೊಂದು ಶುರುವಾಗಿತ್ತು. ಶುರುವಾಗಿತ್ತು ಎಂದರೆ ಕೂಲಿಗೆ ಹೋಗುವ ನಾಲ್ಕಾರು ಮನೆಯವರು ಬೇವಿನ ಗಿಡದ ಕೆಳಗೆ ಕೂಡುತ್ತಿದ್ದರು, ಅಷ್ಟೇ. ಮಳೆ ಬಂದರೆ ಸಭೆ ಚದುರುತ್ತಿತ್ತು. ನಮ್ಮ ಮನೆಗೆ ಹತ್ತಿದ ದೊಡ್ಡ ಖೋಲಿಯೊಂದು ಖಾಲಿ ಬಿದ್ದಿತ್ತು. ನಮ್ಮಪ್ಪನ ಕಾಲಕ್ಕೆ ಶೇಂಗಾ ತುಂಬಿಸುತ್ತಿದ್ದ ಖೋಲಿ. ಸಭೆಗೆ ಹಾಸುವ ಜಮಖಾನೆಯ ಸಮೇತ ಅದನ್ನು ಬಾಡಿಗೆಗೆ ಕೇಳಲು ಬಂದಿದ್ದ.

ನನಗೆ ಅನುಮಾನ. ಹಣೆಗೆ ವಿಭೂತಿ ಹಚ್ಚುವ ಮನೆ ನಮ್ಮದು. ಜನ ಏನಂದಾರು? 'ರವಿವಾರ ಹಾಡು ಹಾಡ್ತಾರಂತ' ಎಂದು ನಮ್ಮಾಕಿಯ ಮುಂದೆ ರಾಗ ಎಳೆದೆ. ಆಕೆ ಸೊಪ್ಪು ಸೋಸುತ್ತ, 'ಹಾಡಿದ್ರ ಏನಾತು? ನೀವು ದಿನಾ ಗೊರಕಿ ಹೊಡೀತೀರಿ, ನಾ ಏನರ ಅಂದೀನಿ?' ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಿವೃತ್ತ ಮಾಸ್ತರನ ಕುತೂಹಲ ಎಂಥದೆಂದು ಅವನ ಹೆಂಡತಿಯನ್ನೇ ಕೇಳಬೇಕು. ರವಿವಾರ ಬೆಳಿಗ್ಗೆಯಾದರೆ ಪೇಪರು ಹಿಡಿದು ಹೊರಗಿನ ಕಟ್ಟೆಯ ಮೇಲೆ, ಖೋಲಿಯ ಕಿಟಕಿಯ ಪಕ್ಕಕ್ಕೇ ಕೂಡತೊಡಗಿದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂಬುದು ನನ್ನ ವಾದ. 'ಅದು ನಿನ್ನಿ ಪೇಪರ್ ರೀ' ಎಂದು ನಮ್ಮಾಕಿ ಚಹಾ ಇಟ್ಟು ಹೋಗುತ್ತಿದ್ದಳು.

ದೊಡ್ಡ ದನಿಯ ಉಪದೇಶ ಕೇಳಬಹುದೆಂದು ನಾನು ಕಾದದ್ದು ಸುಳ್ಳಾಯಿತು. ಒಂದು ಹಾಡು, ಒಂದು ಪ್ರಾರ್ಥನೆ. ಆಮೇಲೆ ಯಾರೋ ಒಬ್ಬರು ಬೈಬಲ್ಲಿನ ಕಥೆಯ ಒಂದು ತುಣುಕು ಓದುತ್ತಿದ್ದರು. ಅದನ್ನೇ ಇನ್ನೊಬ್ಬರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಆಮೇಲೆ ಶಾಂತರಾಜ ಕೇಳುತ್ತಿದ್ದ: 'ಇದರಾಗ ಏನ್ ಕಂಡ್ರಿ?'

ಒಳಗೆಲ್ಲ ಮೌನ. ಅವನೂ ಸುಮ್ಮನೆ. ನನಗೆ ಈ ಕಡೆ ಚಡಪಡಿಕೆ. ನಾನು ಪಾಠ ಹೇಳುವಾಗ ಪ್ರಶ್ನೆ ಕೇಳಿ, ಹುಡುಗರು ಕಣ್ಣು ಮಿಟುಕಿಸುವುದರೊಳಗೆ ಉತ್ತರವನ್ನೂ ಹೇಳಿ, ಕರಿಹಲಗೆಯ ಮೇಲೆ ಬರೆದೂ ಬಿಡುತ್ತಿದ್ದೆ. ಈ ಮನುಷ್ಯ ಕಾಯುತ್ತಾನೆ! ಹೊರಗೆ ಟ್ರ್ಯಾಕ್ಟರ್ ಹೋಗುತ್ತದೆ, ಕೋಳಿ ಕೂಗುತ್ತದೆ, ಅವನು ಕಾಯುತ್ತಲೇ ಇರುತ್ತಾನೆ. ಕಡೆಗೆ ಯಾರೋ ಕೆಮ್ಮಿ, ಅಳುಕುತ್ತ ಬಾಯಿ ತೆರೆಯುತ್ತಾರೆ.

ಒಮ್ಮೆ ತಪ್ಪಿಸಿಕೊಂಡ ಕುರಿಯ ಕಥೆ ನಡೆದಿತ್ತು. ಕುರುಬ ಆ ಒಂದನ್ನು ಹುಡುಕಿಕೊಂಡು ಹೋದಾಗ ಉಳಿದ ಕುರಿಗಳು ಏನು ಮಾಡುತ್ತಿದ್ದಿರಬೇಕು ಎಂದು ಶಾಂತರಾಜ ಕೇಳಿದ. ತಡೆಯಲಾರದೆ ನಾನು ಕಟ್ಟೆಯ ಮೇಲಿಂದ, 'ಮೇಯ್ತಿದ್ವು' ಎಂದುಬಿಟ್ಟೆ. ಒಳಗೆ ನಗೆ ಎದ್ದಿತು. ಅದರ ಮೇಲೆ ಹೆಣ್ಣುದನಿಯೊಂದು ಏರಿತು: 'ನೋಡ್ರಿ, ಹೊರಗ ಕುಂತೋರಿಗೆ ಗೊತ್ತಾಗೇತಿ, ಒಳಗಿನೋರು ಬಾಯಿ ಮುಚ್ಕೊಂಡು ಕುಂತೀರಿ!'

ಆ ದನಿ ಹನುಮವ್ವನದು. ನಾಟಿ ಮಾಡುವ ಹೆಂಗಸರ ಗುಂಪಿಗೆ ಆಕೆ ಮೇಸ್ತ್ರಿ. ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಬಳಗಾನೂರಿನ ಕಡೆಯ ಗದ್ದೆಗಳಿಗೆ ಕರೆದೊಯ್ಯುತ್ತಿದ್ದಳು. ಒಂದು ಬದುವಿನಿಂದ ಕೂಗಿದರೆ ಮೂರನೇ ಬದುವಿನವರು ಬೆನ್ನು ನೆಟ್ಟಗೆ ಮಾಡಬೇಕು, ಅಂಥ ಗಂಟಲು. ಆಕೆಯ ಪ್ರಾರ್ಥನೆಯೂ ಹಾಗೇ. 'ಯಪ್ಪಾ ದೇವ್ರೇ, ಶಾಂತವ್ವನ ಜ್ವರ ಇವತ್ತ ಇಳೀಬೇಕು ನೋಡು, ನಾಳಿ ಅಲ್ಲ' ಎಂದು ದೇವರನ್ನೂ ಸಾಲಿನಲ್ಲಿ ನಿಲ್ಲಿಸಿ ಕೆಲಸ ಹಚ್ಚುತ್ತಿದ್ದಳು.

ಆಕೆಯ ಹೆಸರಿನ ಬಗ್ಗೆ ನನಗೊಂದು ಕುತೂಹಲ. ಒಂದು ದಿನ ಬಾಯಿಬಿಟ್ಟೇ ಕೇಳಿದೆ: 'ಅಲ್ಲೋ ತಮ್ಮಾ, ಆಕಿ ನಿಮ್ಮ ಸಭಾಕ್ಕ ಬಂದಾಳ, ದೀಕ್ಷಾಸ್ನಾನನೂ ಆಗೇತಿ ಅಂತೀ. ಮತ್ತ ಹೆಸರು ಹನುಮವ್ವ ಅಂತ ಹಂಗ ಉಳಿದೈತಲ್ಲ?'

ಶಾಂತರಾಜ ನಕ್ಕ. 'ಅದು ಅವ್ರವ್ವ ಇಟ್ಟ ಹೆಸರ್ರೀ ಮಾಸ್ತರ್ರ. ದೇವ್ರು ಆಕಿನ್ನ ಕರಿಯೂವಾಗ ಅದೇ ಹೆಸರಿತ್ತು. ನಾ ಯಾಕ ತಿದ್ದಲಿ?'

ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ತಿದ್ದುತ್ತಲೇ ಬಂದವನು ನಾನು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ.

ಸಭೆಯಲ್ಲಿ ರಾಜಣ್ಣ ಎಂಬ ಇನ್ನೊಬ್ಬನಿದ್ದ. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಚೆನ್ನಾಗಿ ಓದುತ್ತಿದ್ದ, ಹಾಡುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದ. ಪಾಸ್ಟರು ಬೇರೆ ಊರಿಗೆ ಹೋದ ಮೇಲೆ ಇವನೇ ಮುಂದಾಳು ಎಂದು ಎಲ್ಲರೂ, ಅವನೂ, ಕಟ್ಟೆಯ ಮೇಲಿನ ನಾನೂ ತಿಳಿದಿದ್ದೆವು. ಆದರೆ ಶಾಂತರಾಜ ಒಂದು ವಾರ ರಾಜಣ್ಣನಿಗೆ, ಒಂದು ವಾರ ಹನುಮವ್ವನಿಗೆ ಸಭೆ ನಡೆಸಲು ಬಿಟ್ಟು ತಾನು ಹಿಂದೆ ಕೂಡುತ್ತಿದ್ದ. ಹನುಮವ್ವ ಪ್ರಶ್ನೆ ಕೇಳಿ ಉಸಿರು ತಿರುಗುವಷ್ಟರಲ್ಲಿ ತಾನೇ ಉತ್ತರ ಹೇಳಿ ಮುಗಿಸುತ್ತಿದ್ದಳು.

'ಪ್ರಶ್ನಿನೂ ನಿಂದ, ಉತ್ತರನೂ ನಿಂದ ಆದ್ರ ನಾವ್ಯಾಕ ಬರಬೇಕಬೇ ಯವ್ವಾ?' ಎಂದು ಶಾಂತರಾಜ ಕೇಳಿದರೆ, 'ಸುಮ್ನ ಕುಂತ್ರ ನಂಗ ಹೊಟ್ಟಿ ಉಬ್ಬರಸ್ತೈತ್ರೀ' ಎನ್ನುತ್ತಿದ್ದಳು. ಗೋಡೆಯ ಈಚೆ ನಾನು ತಲೆಯಾಡಿಸುತ್ತಿದ್ದೆ. ಅದು ಎಂಥ ಉಬ್ಬರವೆಂದು ಬಲ್ಲವನು ನಾನು.

'ನೀನೇ ಹೇಳಿಬಿಟ್ರ ಬೇಗ ಮುಗೀತೈತಿ. ಯಾಕಿಷ್ಟು ತ್ರಾಸ?' ಎಂದು ಒಮ್ಮೆ ಅವನನ್ನು ಕೇಳಿದೆ.

'ನಾ ಇದ್ದ ದಿನ ನಡಿಯೂದು ಸಭಾ ಅಲ್ಲರೀ ಮಾಸ್ತರ್ರ' ಎಂದ. 'ನಾ ಇಲ್ಲದ ದಿನ ಇವ್ರು ಏನ್ ಮಾಡ್ತಾರ, ಅದು ಸಭಾ.'

ಆ ದಿನ ಬಂತು. ದುರುಗಪ್ಪ ತೀರಿಕೊಂಡ. ಪ್ರಾಯವೆಲ್ಲ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು, ಮುಪ್ಪಿಗೆ ಊರಿಗೆ ಬಂದು ತಮ್ಮನ ಮನೆಯಲ್ಲಿದ್ದ ಒಂಟಿ ಜೀವ. ಸಭೆಯಲ್ಲಿ ಅವನೇ ಹಿರಿಯ. ಅವರಲ್ಲಿ ಅದೇ ಮೊದಲ ಸಾವು. ಹೇಗೆ ಮಣ್ಣು ಮಾಡಬೇಕು, ಯಾರು ಮುಂದೆ ನಿಲ್ಲಬೇಕು, ಒಬ್ಬರಿಗೂ ತಿಳಿಯದು. ಶಾಂತರಾಜ ಆ ದಿನ ಹೆಂಡತಿಯ ಆಪರೇಷನ್ನಿಗೆಂದು ರಾಯಚೂರಿನಲ್ಲಿದ್ದ.

ಸುದ್ದಿ ತಿಳಿದು ನಾನೂ ಹೋದೆ. ದುರುಗಪ್ಪನ ಮನೆಯ ಮುಂದೆ ಎರಡು ಗುಂಪು. ಒಂದು ಕಡೆ ತಮ್ಮ ಯಂಕಪ್ಪ, ಅವನ ಹಿಂದೆ ತಾಳ, ದಪ್ಪು ಹಿಡಿದ ಭಜನೆಯವರು. ಇನ್ನೊಂದು ಕಡೆ ಸಭೆಯವರು. ನಡುವೆ ಹೆಣ.

ರಾಜಣ್ಣ ಹೇಳಿದ: 'ಭಜನಿ ಮುಂದಿಟ್ಕೊಂಡು ಹೋಗೂದಾದ್ರ ನಾವು ಹೆಗಲು ಕೊಡಂಗಿಲ್ಲ. ದುರುಗಪ್ಪ ನಮ್ಮ ಸಭಾದ ಮನುಷ್ಯಾ.'

ಯಂಕಪ್ಪನ ಮುಖ ಕಪ್ಪಿಟ್ಟಿತು. 'ನಿಮ್ಮ ಸಭಾಕ್ಕ ಬಂದದ್ದು ಈಗೀಗ. ನಾ ಅವನ ಬೆನ್ನಿಗೆ ಬಿದ್ದಾಂವ. ಯಾರ ಮನುಷ್ಯಾ ಅಂತ ನಂಗ ಹೇಳ್ತೀಯೇನಲೇ?'

ಯಾರೋ ಪಾಸ್ಟರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದರು. ಆ ಕಡೆಯಿಂದ ಶಾಂತರಾಜನ ದನಿ ಬಂತು: 'ನಾ ಬರಾಕತ್ತೀನಿ, ಮುಟ್ಟೂದ್ರಾಗ ಹೊತ್ತಾಗ್ತದ. ನನ್ನ ಹಾದಿ ನೋಡಬ್ಯಾಡ್ರಿ. ನೀವು ಅದೀರಲ್ಲ.' ಅಷ್ಟೇ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಒಂದು ಮಾತೂ ಇಲ್ಲ. ನನಗೆ ಅವನ ಮೇಲೆ ಸಿಟ್ಟೇ ಬಂತು. ಇದೇನು ಕಥೆಯ ಅರ್ಥ ಕೇಳುವ ಹೊತ್ತೆ?

ಎಲ್ಲರ ಕಣ್ಣು ಹನುಮವ್ವನ ಮೇಲೆ ಬಿತ್ತು. ಈಗ ಈಕೆ ಸೆರಗು ಸಿಕ್ಕಿಸಿ ಎರಡೂ ಗುಂಪನ್ನು ಗದರಿಸುತ್ತಾಳೆ, ಹೊಡೆದಾಟವೇ ಆಗುತ್ತದೆ ಎಂದುಕೊಂಡೆ. ಆಕೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ ನಿಧಾನಕ್ಕೆ ಹೋಗಿ ಯಂಕಪ್ಪನ ಎದುರು ನೆಲದ ಮೇಲೆ ಕೂತಳು.

'ಯಂಕಣ್ಣ, ನಮಗ ಅವನು ರವಿವಾರದಾಗಷ್ಟ ಗೊತ್ತು. ನಿಂಗ ಎಲ್ಲಾ ಗೊತ್ತು. ನಿಮ್ಮಣ್ಣ ಹೆಂಗಿದ್ದ, ಹೇಳು.'

ಇಷ್ಟು ಹೇಳಿ ಸುಮ್ಮನಾದಳು. ಹನುಮವ್ವ ಸುಮ್ಮನಾದದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ಕಂಡಿರಲಿಲ್ಲ. ಯಂಕಪ್ಪ ಮುಖ ತಿರುಗಿಸಿದ. ಆಕೆ ಏಳಲಿಲ್ಲ. ಅವನು ಬೀಡಿ ತೆಗೆದ, ಹಚ್ಚದೆ ಮತ್ತೆ ಕಿಸೆಗೆ ಹಾಕಿದ. ಬಹಳ ಹೊತ್ತಿನ ಮೇಲೆ, ಯಾರ ಮುಖವನ್ನೂ ನೋಡದೆ ಮಾತಾಡತೊಡಗಿದ.

'ಪ್ರಾಯದಾಗ ತಾಳ ಹಿಡಿದು ಕುಂತ್ರ ಬೆಳಕು ಹರಿತಿತ್ತು. ಭಜನ್ಯಾಗ ಅವನ ಸರಿ ಯಾರೂ ಇದ್ದಿಲ್ಲ. ಈಗ ಹಾಸಿಗಿ ಹಿಡಿದ ಮ್ಯಾಲೆ ನಿಮ್ಮ ಹಾಡ ಗುನುಗ್ತಿದ್ದ. ನಂಗ ಸಿಟ್ಟು ಬರ್ತಿತ್ತು. ಬ್ಯಾಡ ಅಂತಿದ್ದೆ. ನಿನ್ನಿ ಮುಂಜಾನಿ...' ಕೈ ಮತ್ತೆ ಕಿಸೆಯ ಬೀಡಿಗೆ ಹೋಯಿತು. 'ನಿನ್ನಿ ಮುಂಜಾನಿ ಗುನುಗಲಿಲ್ಲ. ನಾನ ಹೋಗಿ ಹಾಡೋ ಯಣ್ಣಾ ಅಂದೆ. ಹಾಡಲಿಲ್ಲ.'

ಅವನು ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಹನುಮವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಯಂಕಪ್ಪನೇ ಮುಖ ಒರೆಸಿಕೊಂಡು ಹೇಳಿದ: 'ಹಳ್ಳದ ದಂಡಿ ತನಕ ನಾವು ಹಾಡ್ಕೋತ ಬರ್ತೀವಿ. ಅಲ್ಲಿಂದ ನೀವು ಹಾಡ್ರಿ. ಮಣ್ಣು ಮೊದಲು ನಾ ಹಾಕ್ತೀನಿ.'

ಹಾಗೇ ಆಯಿತು. ದಾರಿಯುದ್ದಕ್ಕೂ ತಾಳ. ರಾಜಣ್ಣ ಮೊದಲಿಗೆ ದೂರ ಹಿಂದೆ ಬರುತ್ತಿದ್ದ. ಹಳ್ಳದ ಇಳಿಜಾರಿನಲ್ಲಿ ಹೊತ್ತವರ ಕಾಲು ಜಾರಿದಾಗ ಓಡಿ ಬಂದು ಹೆಗಲು ಕೊಟ್ಟ. ಅವನ ಇಸ್ತ್ರಿ ಅಂಗಿಯ ತುಂಬ ಭಜನೆಯವರು ತೂರಿದ ಬುಕ್ಕಿಟ್ಟಿನ ಬಣ್ಣದ ಪುಡಿ. ಹಳ್ಳದ ದಂಡೆಯಲ್ಲಿ ತಾಳ ನಿಂತಿತು. ಸಭೆಯವರು ದುರುಗಪ್ಪ ಗುನುಗುತ್ತಿದ್ದ ಹಾಡನ್ನು ಎತ್ತಿದರು. ದಪ್ಪಿನವನೊಬ್ಬ ತನ್ನರಿವಿಲ್ಲದೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದ. ಹನುಮವ್ವ ಪ್ರಾರ್ಥಿಸಿದಳು. ದೇವರಿಗೆ ಆಜ್ಞೆ ಮಾಡಲಿಲ್ಲ. 'ಯಪ್ಪಾ, ನಮ್ಮ ದುರುಗಪ್ಪನ್ನ ಕಳಿಸಾಕತ್ತೀವಿ. ಜೋಪಾನ' ಎಂದಳು.

ತಿರುಗಿ ನೋಡಿದರೆ ಶಾಂತರಾಜ ಜನರ ಹಿಂದೆ ನಿಂತಿದ್ದ. ಯಾವಾಗ ಬಂದನೋ! ಜನ ಸರಿದು ದಾರಿ ಮಾಡಿಕೊಟ್ಟರೆ, ಬೇಡವೆಂದು ಕೈಯಾಡಿಸಿದ. ಕಡೆಗೆ ಎಲ್ಲರಂತೆ ಬಂದು ಒಂದು ಹಿಡಿ ಮಣ್ಣು ಹಾಕಿ, ಯಂಕಪ್ಪನ ಕೈ ಹಿಡಿದು ನಿಂತ.

ಮುಂದಿನ ರವಿವಾರ ಅವನು ಕಥೆ ಓದಿಸಲಿಲ್ಲ. 'ಮೊನ್ನಿ ಏನ್ ಕಂಡ್ರಿ?' ಎಂದು ಕೇಳಿದ. ಮೊದಲು ಮಾತಾಡಿದವನು ರಾಜಣ್ಣ. 'ನಾ ಅಂದದ್ದು ಪೂರಾ ತಪ್ಪಂತ ನಂಗ ಈಗೂ ಅನ್ಸಂಗಿಲ್ರೀ. ಆದ್ರ ಹೆಗಲು ಕೊಟ್ಟಾಗ ಬಾಳ ಭಾರ ಇತ್ತು. ನಾ ಹಿಂದ ಉಳಿದಿದ್ರ ಆ ಭಾರ ಯಂಕಪ್ಪನ ಮ್ಯಾಲೆ ಬೀಳ್ತಿತ್ತು.'

ಸಭೆಯನ್ನು ಇನ್ನು ಮುಂದೆ ರಾಜಣ್ಣ, ಹನುಮವ್ವ ಇಬ್ಬರೂ ಕೂಡಿ ನಡೆಸಬೇಕು ಎಂದ ಶಾಂತರಾಜ. 'ಜಗಳಾಡ್ತೀವಲ್ರೀ!' ಎಂದಳು ಹನುಮವ್ವ.

'ಆಡ್ರಿ. ಒಬ್ರ ಇದ್ರ ಜಗಳಾಡಾಕ ಯಾರೂ ಇರಂಗಿಲ್ಲ. ಅದು ಇನ್ನಾ ಕೆಟ್ಟದ್ದು.'

ಆಮೇಲೆ ಅವನು ಬರುವುದು ಕಡಿಮೆಯಾಯಿತು. ಲಿಂಗಸೂಗೂರಿನಲ್ಲಿ ಯಾರದೋ ಮನೆಯ ಪಡಸಾಲೆಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದ್ದಾನೆಂದು ಸುದ್ದಿ ಬಂತು. ನಮ್ಮ ಖೋಲಿಯಲ್ಲಿ ಸಭೆ ಈಗಲೂ ಇದೆ, ಜಗಳವೂ ಇದೆ. ಯಂಕಪ್ಪ ಸಭೆಗೆ ಸೇರಲಿಲ್ಲ. ಆದರೆ ಅವರ ಹಬ್ಬದ ಊಟಕ್ಕೆ ತಪ್ಪುವುದಿಲ್ಲ. ನಾನೂ ಅಷ್ಟೇ.

ಇಷ್ಟೆಲ್ಲ ನೆನೆಯುತ್ತ ಸಿಂಧನೂರಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು 'ಎಲ್ಲಿಗ್ರೀ?' ಎಂದ. ಬಾಯಿ 'ಲಿಂಗಸೂಗೂರು' ಎಂದಿತು. ನಾನು ಹಾಗೆ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಮಸ್ಕಿ ಬಂತು, ನಮ್ಮೂರಿನವರು ಇಳಿದರು. ನಾನು ಕಿಟಕಿಯಿಂದ ಅವರನ್ನು ನೋಡುತ್ತ ಕೂತೇ ಇದ್ದೆ. ನಮ್ಮಾಕಿಗೆ ಫೋನು ಮಾಡಿ ಹೇಳಿದೆ. 'ಕಣ್ಣಿಗೆ ಔಷಧ ಹಾಕ್ಯಾರೋ, ತಲಿಗೋ?' ಎಂದಳು.

ಲಿಂಗಸೂಗೂರಿನಲ್ಲಿ ಕೇಳಿಕೊಂಡು ಹೋದೆ. ಸಣ್ಣ ಪಡಸಾಲೆ, ಸಂಜೆಯ ಸಭೆಗೆ ಕೂಡಿದ ಕೆಲವೇ ಜನ. ಶಾಂತರಾಜನ ತಲೆ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದ, ಸರಿದು ಜಾಗ ಮಾಡಿದ. ವಿಭೂತಿ ಹಚ್ಚಿದ ಹಣೆಯಲ್ಲೇ ನಾನು ಅವರ ನಡುವೆ ಕೂತೆ. ಯಾವುದೋ ಕಥೆ ಓದಿ ಆಗಿತ್ತು. ಹೂ ಮಾರುವ ಹೆಂಗಸೊಬ್ಬಳು ಅವತ್ತೇ ಮೊದಲ ಸಲ ಬಂದಿದ್ದಳಂತೆ. ಮಾತಾಡಬೇಕೋ ಬೇಡವೋ ಎಂದು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ತುಟಿಗಳು ಅಲುಗಿದವು, ನಿಂತವು. ಯಾರೂ ಅವಸರ ಮಾಡಲಿಲ್ಲ. ಆಕೆ ಏನು ಹೇಳಬಹುದೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು, ಕೈ ಮಡಿಲಲ್ಲಿಟ್ಟು, ನಾನೂ ಕಾದೆ.